ಸಂಜೆ ಪಾಸ್, ಬೆಳಿಗ್ಗೆ ಫೇಲ್: ಲೇಸರ್ ಮಾಡ್ಯೂಲ್ ಜೋಡಣೆಯ ಒಂದು ಪ್ರಕರಣ

ಇದು ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ನಡೆದದ್ದು. ಘಟಕದ ಹೆಸರು, ಗ್ರಾಹಕರ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಒಬ್ಬರನ್ನು ಮಾತ್ರ ಲಲಿತಾ ಎಂದು ಕರೆದಿದ್ದೇನೆ, ಅದೂ ಬದಲಿಸಿದ ಹೆಸರು. ಜೋಡಣೆಯ ಕ್ರಮ ನೋಡಿಕೊಡಲು ನನ್ನನ್ನು ಹೊರಗಿನಿಂದ ಕರೆಸಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಸರಿದಾಟಗಳ ಜೊತೆ ಕೆಲಸ ಮಾಡುವವರಿಗೆ ಈ ವಿವರ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಘಟಕದಲ್ಲಿ ತಯಾರಾಗುತ್ತಿದ್ದದ್ದು ಕೆಂಪು ಬೆಳಕಿನ ಲೇಸರ್ ಮಾಡ್ಯೂಲ್. ಪ್ಯಾಕಿಂಗ್ ಯಂತ್ರಗಳಲ್ಲಿ ಡಬ್ಬಿ ಹಾದುಹೋಯಿತೋ ಇಲ್ಲವೋ ಎಂದು ನೋಡುವ ಸೆನ್ಸರ್‌ಗೆ ಅದು ಬೇಕು. ಒಂದು ಕಡೆ ಲೇಸರ್, ಎದುರು ಕಡೆ ಅದನ್ನು ಹಿಡಿಯುವ ಸಣ್ಣ ಡಿಟೆಕ್ಟರ್. ಲೇಸರ್ ಚುಕ್ಕೆ ಡಿಟೆಕ್ಟರ್ ಮೇಲೆ ಬೀಳದಿದ್ದರೆ ಸೆನ್ಸರ್ ಕುರುಡು.

ಮಾಡ್ಯೂಲ್ ಒಳಗೆ ಭಾಗಗಳು ಕಡಿಮೆ. ಹಿತ್ತಾಳೆಯ ಬ್ಯಾರೆಲ್. ಅದರ ಹಿಂಬದಿಗೆ 5.6 ಮಿಲಿಮೀಟರ್ ಅಗಲದ ಲೋಹದ ಡಬ್ಬಿಯಲ್ಲಿ ಕೂತ ಲೇಸರ್ ಡಯೋಡ್, 650 ನ್ಯಾನೋಮೀಟರ್ ಬೆಳಕಿನದು. ಮುಂದೆ ಒಂದು ಪುಟಾಣಿ ಲೆನ್ಸ್, ಅದಕ್ಕೊಂದು ಹೋಲ್ಡರ್. ಹಿಂದೆ ಡಯೋಡಿಗೆ ಕರೆಂಟ್ ಕೊಡುವ ಸಣ್ಣ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್. ಲೆನ್ಸಿನ ಹೋಲ್ಡರ್ ಬ್ಯಾರೆಲ್ ಒಳಗೆ ಸ್ವಲ್ಪ ಸಡಿಲವಾಗಿ ಕೂರುತ್ತದೆ. ಆ ಸಂದು ಬೇಕೇ ಬೇಕು. ಆಪರೇಟರ್ ಲೆನ್ಸನ್ನು ಆಚೀಚೆ ಸರಿಸಿ ಚುಕ್ಕೆಯನ್ನು ನಡುವಿಗೆ ತರುವುದು ಆ ಸಂದಿನಲ್ಲೇ.

ಕೆಲಸ ಹೀಗೆ ನಡೆಯುತ್ತಿತ್ತು. ಡಯೋಡ್ ಆನ್ ಮಾಡುತ್ತಾರೆ. 5 ಮೀಟರ್ ದೂರದ ಗುರಿಹಲಗೆ ಮೇಲೆ ಬಿದ್ದ ಚುಕ್ಕೆ ಕ್ಯಾಮೆರಾ ಮೂಲಕ ಬೆಂಚಿನ ಪರದೆಯಲ್ಲಿ ಕಾಣುತ್ತದೆ. ಒಂದು ತೆಳ್ಳನೆಯ ತೋಳು ಲೆನ್ಸ್ ಹೋಲ್ಡರನ್ನು ಹಿಡಿದಿರುತ್ತದೆ. ಮೈಕ್ರೋಮೀಟರ್ ತಿರುಪು ತಿರುಗಿಸಿ ಚುಕ್ಕೆಯನ್ನು ನಡುವಿಗೆ ತರುತ್ತಾರೆ. ಆಮೇಲೆ ಸಿರಿಂಜಿನಿಂದ ಸಂದಿಗೆ ಅಂಟು. ಅದರ ಮೇಲೆ ಯುವಿ (ನೇರಳಾತೀತ) ಲ್ಯಾಂಪ್ ಬೆಳಕು. ಕೆಲವೇ ಸೆಕೆಂಡಿನಲ್ಲಿ ಅಂಟು ಗಟ್ಟಿ. ಪೀಸನ್ನು ಹಿಡಿದಿಡುವ ಜಿಗ್‌ನಿಂದ ತೆಗೆದು, ಪಿಸಿಬಿಗೆ ಬೆಸುಗೆ ಹಾಕಿ, ಒಂದು ಸಲ ಚುಕ್ಕೆ ನೋಡಿ ಪಾಸ್ ಸೀಲು ಹಾಕುತ್ತಾರೆ. ಆಮೇಲೆ ರಾತ್ರಿಯಿಡೀ 60 ಡಿಗ್ರಿ ಓವನ್‌ನಲ್ಲಿ ಇಡುತ್ತಾರೆ. ಮರುದಿನ ಬೆಳಿಗ್ಗೆ ಕೊನೆಯ ಪರೀಕ್ಷೆ.

ಗ್ರಾಹಕರ ಷರತ್ತು ಒಂದೇ. 5 ಮೀಟರ್ ದೂರದಲ್ಲಿ ಚುಕ್ಕೆ ನಡುವಿನಿಂದ 5 ಮಿಲಿಮೀಟರ್ ಒಳಗೆ ಬೀಳಬೇಕು. ಕೇಳಿದರೆ ಧಾರಾಳವಾಗಿದೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಲೆನ್ಸಿನ ಫೋಕಲ್ ದೂರ, ಇಲ್ಲಿ ಹೆಚ್ಚುಕಡಿಮೆ ಡಯೋಡಿನಿಂದ ಲೆನ್ಸಿಗಿರುವ ದೂರ, 4.5 ಮಿಲಿಮೀಟರ್. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ಲೆನ್ಸ್ ಪಕ್ಕಕ್ಕೆ 4.5 ಮೈಕ್ರಾನ್ ಸರಿದರೆ ಬೆಳಕು ಸಾವಿರದಲ್ಲಿ ಒಂದು ಪಾಲು ವಾಲುತ್ತದೆ. ಅಂದರೆ 5 ಮೀಟರ್ ದೂರದಲ್ಲಿ ಸರಿಯಾಗಿ 5 ಮಿಲಿಮೀಟರ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಹದಿನೈದನೇ ಒಂದು ಭಾಗ ಸರಿದರೂ ಪೀಸ್ ರಿಜೆಕ್ಟ್. ಈ ಲೆಕ್ಕವನ್ನು ಬೆಂಚಿನವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ ಮೇಲೆ ಅವರು ಲೆನ್ಸ್ ಮುಟ್ಟುವ ರೀತಿಯೇ ಬೇರೆಯಾಯಿತು.

ತೊಂದರೆ

ಜೂನ್‌ವರೆಗೆ ಎಲ್ಲ ಸರಿ ಇತ್ತು. ನೂರಕ್ಕೆ ಮೂರೋ ನಾಲ್ಕೋ ರಿಜೆಕ್ಟ್ ಆಗುತ್ತಿದ್ದವು. ಜೂನ್ ನಡುವಿನ ಹೊತ್ತಿಗೆ ಐದಕ್ಕೆ ಒಂದು ಹೋಗತೊಡಗಿತು. ಸಂಜೆ ಹೇಗೋ ಮಿತಿಯೊಳಗೆ ಬಿದ್ದು ಪಾಸಾದ ಪೀಸು ಬೆಳಿಗ್ಗೆ ಹೊರಗೆ. ಡೆಲಿವರಿ ದಿನ ಹತ್ತಿರ ಬರುತ್ತಿತ್ತು. ರಿವರ್ಕ್ ಮಾಡುವ ಹಾಗೂ ಇಲ್ಲ. ಒಮ್ಮೆ ಅಂಟು ಗಟ್ಟಿಯಾದರೆ ಲೆನ್ಸ್ ಬಿಡಿಸುವಾಗ ಅದು ಹಾಳಾಗುತ್ತದೆ, ಕೆಲವು ಸಲ ಡಯೋಡೂ ಹೋಗುತ್ತದೆ.

ಎಲ್ಲರಿಗೂ ಒಂದೊಂದು ಅನುಮಾನ. ಮಳೆ ಶುರುವಾಗಿದೆ, ತೇವ ಜಾಸ್ತಿ ಅಂದರು ಕೆಲವರು. ಸ್ಟ್ಯಾಟಿಕ್, ಅಂದರೆ ಮೈಮೇಲೆ ಕೂಡುವ ಸ್ಥಿರ ವಿದ್ಯುತ್ತು ಇರಬಹುದು ಅಂದರು ಇನ್ನು ಕೆಲವರು. ಆದರೆ ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಡಿಮೆ. ಫೆಬ್ರವರಿ, ಮಾರ್ಚ್‌ನ ಒಣ ಗಾಳಿಯಲ್ಲೇ ಅದರ ಕಾಟ ಹೆಚ್ಚು. ಮೇಲಾಗಿ ಸ್ಟ್ಯಾಟಿಕ್ ಹೊಡೆದ ಡಯೋಡಿನ ಬೆಳಕು ಮಂಕಾಗುತ್ತದೆ, ಇಲ್ಲವೇ ಡಯೋಡೇ ಸಾಯುತ್ತದೆ. ಚುಕ್ಕೆ ಪಕ್ಕಕ್ಕೆ ಹೋಗುವುದಿಲ್ಲ. ಇಲ್ಲಿ ಬೆಳಕು ಪೂರ್ತಿ ಇತ್ತು, ಜಾಗ ಮಾತ್ರ ತಪ್ಪಿತ್ತು. ಆದರೂ ಒಂದು ದಿನವಿಡೀ ಎಲ್ಲರ ರಿಸ್ಟ್ ಸ್ಟ್ರಾಪ್ (ಸ್ಟ್ಯಾಟಿಕ್ ನೆಲಕ್ಕೆ ಹರಿಯಲು ಮಣಿಕಟ್ಟಿಗೆ ಕಟ್ಟುವ ಪಟ್ಟಿ) ಪರೀಕ್ಷೆಯೇ ನಡೆಯಿತು. ಪಟ್ಟಿಯೊಳಗಿನ 1 ಮೆಗಾಓಮ್ ರೆಸಿಸ್ಟರ್ ಎಲ್ಲದರಲ್ಲೂ ಸರಿಯಾಗಿಯೇ ಇತ್ತು.

ಮೂರನೆಯ ಅನುಮಾನ ಜನರ ಮೇಲೆ. ಮೇ ತಿಂಗಳಲ್ಲಿ ಇಬ್ಬರು ಹೊಸಬರು ಸೇರಿದ್ದರು. ಇಬ್ಬರೂ ಐಟಿಐ ಓದಿದವರು, ಮಂಡ್ಯ ಕಡೆಯಿಂದ ದಿನಾ ರೈಲಿನಲ್ಲಿ ಬಂದು ಹೋಗುವವರು. ಸೂಪರ್‌ವೈಸರ್ ಹೇಳಿದ್ದು ಇಷ್ಟು: "ಹೊಸಬರ ಕೈ ಸಾರ್, ಇನ್ನೂ ನಡುಗ್ತದೆ." ಇಬ್ಬರನ್ನೂ ಬೆಂಚಿನಿಂದ ಎಬ್ಬಿಸಿ, ಒಬ್ಬರನ್ನು ಪ್ಯಾಕಿಂಗಿಗೆ, ಇನ್ನೊಬ್ಬರನ್ನು ಬೆಳಗಿನ ಪರೀಕ್ಷೆಯ ಮೇಜಿಗೆ ರಿಜಿಸ್ಟರ್ ಬರೆಯಲು ಕಳಿಸಿದರು. ಆ ಇನ್ನೊಬ್ಬರೇ ಲಲಿತಾ. ಹಳಬರು ಬೆಂಚಿಗೆ ಬಂದರು. ರಿಜೆಕ್ಷನ್ ಒಂದಿಷ್ಟೂ ಇಳಿಯಲಿಲ್ಲ.

ಈ ನಿರ್ಧಾರ ನನಗೆ ಇವತ್ತಿಗೂ ನೋವು ಕೊಡುತ್ತದೆ. ಕೈ ನಡುಗಿದರೆ ಚುಕ್ಕೆ ನಡುವಿಗೆ ತರುವಾಗಲೇ ಪರದೆಯಲ್ಲಿ ಗೊತ್ತಾಗುತ್ತದೆ. ಆ ಇಬ್ಬರ ಚುಕ್ಕೆಗಳು ಅಂಟು ಹಾಕುವ ಮೊದಲು ನಡುವಿನಲ್ಲೇ ಇದ್ದವು. ಸುಮ್ನೆ ಪರದೆ ನೋಡಿದ್ದರೆ ಸಾಕಿತ್ತು.

ಮಾಡಿ ನೋಡಿದ್ದು

ನಾನು ಹೋಗುವ ಹೊತ್ತಿಗೆ ಎರಡು ಪ್ರಯತ್ನ ಆಗಿದ್ದವು. ಮೊದಲನೆಯದು, ಗಟ್ಟಿಯಾಗಿ ಹಿಡಿಯಲಿ ಅಂತ ಅಂಟು ಜಾಸ್ತಿ ಹಾಕಿದ್ದು. ರಿಜೆಕ್ಷನ್ ಇನ್ನೂ ಏರಿತು. ಎರಡನೆಯದು, ಲ್ಯಾಂಪ್ ಹೊತ್ತು ಹೆಚ್ಚಿಸಿದ್ದು. ಓವನ್‌ನಿಂದ ಬಂದ ಮೇಲಿನ ಸರಿದಾಟ ತುಸು ತಗ್ಗಿತು, ಒಟ್ಟು ತೊಂದರೆ ಹಾಗೇ ಉಳಿಯಿತು. ಇವೆರಡರಲ್ಲೂ ಸುಳಿವಿತ್ತು. ಅಂಟು ಹೆಚ್ಚಿಸಿದರೆ ತೊಂದರೆ ಹೆಚ್ಚುತ್ತದೆ ಅಂದರೆ ಅಂಟು ಹಿಡಿಯುತ್ತಿಲ್ಲ ಅಂತಲ್ಲ, ಅದೇ ಎಳೆಯುತ್ತಿದೆ ಅಂತ. ಆದರೆ ಡೆಲಿವರಿ ಒತ್ತಡದಲ್ಲಿ ಎರಡನ್ನೂ "ಆಗಲಿಲ್ಲ" ಅಂತ ಬರೆದು ಬಿಟ್ಟಿದ್ದರು.

ನಾನು ಮೊದಲು ಕೇಳಿದ್ದು ಚುಕ್ಕೆಯನ್ನು ಪ್ರತಿ ಹಂತದಲ್ಲೂ ಅಳೆಯಬೇಕು ಅಂತ. ಅಲ್ಲಿಯವರೆಗೆ ಎರಡೇ ಅಳತೆ ಇತ್ತು, ಸಂಜೆ ಒಂದು, ಬೆಳಿಗ್ಗೆ ಒಂದು. ಸಂಜೆಯದು ಪಾಸೋ ಫೇಲೋ ಅಷ್ಟೇ, ಅಂಕಿ ಬರೆಯುತ್ತಿರಲಿಲ್ಲ. ಚುಕ್ಕೆಯನ್ನು ನಡುವಿಗೆ ತಂದಲ್ಲಿಂದ ಬೆಳಗಿನ ಪರೀಕ್ಷೆಯವರೆಗೆ ನಾಲ್ಕು ಕೆಲಸ ನಡೆಯುತ್ತವೆ: ಅಂಟು ಗಟ್ಟಿಯಾಗುವುದು, ತೋಳಿನ ಹಿಡಿತ ಬಿಡುವುದು, ಬೆಸುಗೆ, ಓವನ್. ತಪ್ಪು ಎಲ್ಲಿ ಹುಟ್ಟುತ್ತಿದೆ ಅಂತ ಎರಡು ಅಳತೆಯಿಂದ ಹೇಳಲು ಬರುವುದಿಲ್ಲ. ಸೂಪರ್‌ವೈಸರ್‌ಗೆ ಇದು ಇಷ್ಟವಾಗಲಿಲ್ಲ, ಪೀಸಿಗೆ ಹಿಡಿಯುವ ಸಮಯ ಏರುತ್ತದೆ ಅಂದರು. ಒಂದು ಟ್ರೇ ಪೀಸುಗಳಿಗೆ ಮಾತ್ರ ಅಂತ ಒಪ್ಪಿಸಿದೆವು.

ಆ ಒಂದು ಟ್ರೇ ಸಾಕಾಯಿತು. ದೊಡ್ಡ ಸರಿದಾಟ ಓವನ್‌ನಲ್ಲಿ ಆಗುತ್ತಿರಲಿಲ್ಲ. ತೋಳಿನ ಹಿಡಿತ ಬಿಟ್ಟ ಕ್ಷಣವೇ ಚುಕ್ಕೆ ಹಾರುತ್ತಿತ್ತು. ಅಷ್ಟರಲ್ಲಿ ಆಪರೇಟರ್ ಮುಂದಿನ ಪೀಸು ಕೈಗೆತ್ತಿಕೊಂಡಿರುತ್ತಿದ್ದರು. ಪರದೆ ನೋಡಬೇಕು ಅಂತ ಯಾರೂ ಹೇಳಿರಲಿಲ್ಲವಲ್ಲ. ಹಾರಿದ ಚುಕ್ಕೆ ಸಂಜೆ ಮಿತಿಯ ಅಂಚಿನಲ್ಲಿ ನಿಂತು ಪಾಸಾಗುತ್ತಿತ್ತು. ಓವನ್‌ನಲ್ಲಿ ಆಗುತ್ತಿದ್ದ ಸಣ್ಣ ಸರಿದಾಟ ಅದನ್ನು ಅಂಚಿನಿಂದ ಆಚೆ ತಳ್ಳುತ್ತಿತ್ತು. ಬೆಸುಗೆಯಲ್ಲೂ ಒಂದು ಸಣ್ಣ ಪಾಲು ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ತಿರುವು

ಏನೋ ಎಳೆಯುತ್ತಿದೆ ಅಂತ ಗೊತ್ತಾಯಿತು. ಏನು, ಯಾಕೆ ಅನ್ನುವುದು ಇನ್ನೂ ಗೊತ್ತಿರಲಿಲ್ಲ. ಆಗ ಲಲಿತಾ ರಿಜಿಸ್ಟರ್ ಹಿಡಿದುಕೊಂಡು ಬಂದರು.

ರಿಜಿಸ್ಟರಿನಲ್ಲಿ ಒಂದೇ ಅಂಕಿಗೆ ಜಾಗ ಇತ್ತು, ನಡುವಿನಿಂದ ಎಷ್ಟು ಮಿಲಿಮೀಟರ್ ದೂರ ಅಂತ. ಲಲಿತಾ ಅಂಚಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಬಾಣಗಳನ್ನು ಹಾಕಿಕೊಂಡಿದ್ದರು, ಚುಕ್ಕೆ ಎತ್ತ ಹೋಯಿತು ಅಂತ. ಯಾರೂ ಕೇಳಿರಲಿಲ್ಲ. "ಸಾರ್, ಒಂದನೇ ಬೆಂಚಿನವು ಎಲ್ಲಾನೂ ಬಲಕ್ಕೇ ಹೋಗವೆ. ಎರಡನೇದವು ಎಡಕ್ಕೆ. ಒಂದಾದ್ರೂ ಮೇಲಕ್ಕೆ ಹೋಗ್ಬೇಕಲ್ವಾ?"

ಈ ಪ್ರಶ್ನೆಯಿಂದ ಪ್ರಕರಣ ತಿರುಗಿತು. ಕೈ ನಡುಕ, ತೇವ, ಲೆನ್ಸಿನ ದೋಷ ಇವುಗಳಲ್ಲಿ ಯಾವುದು ಕಾರಣವಾಗಿದ್ದರೂ ಚುಕ್ಕೆಗಳು ಎಲ್ಲ ದಿಕ್ಕಿಗೂ ಚೆದುರಬೇಕಿತ್ತು. ಹೀಗೆ ಬೆಂಚಿಗೊಂದು ದಿಕ್ಕು ಹಿಡಿದಿವೆ ಅಂದರೆ ಬೆಂಚಿನಲ್ಲೇ ಏನೋ ಬೇರೆ ಇದೆ. ಬ್ಯಾರೆಲ್ಲಿನ ಒಂದು ಪಕ್ಕ ಚಪ್ಪಟೆ ಇರುವುದರಿಂದ ಜಿಗ್‌ನಲ್ಲೂ ಪರೀಕ್ಷೆಯ ಮೇಜಿನಲ್ಲೂ ಪೀಸು ಒಂದೇ ರೀತಿ ಕೂರುತ್ತದೆ. ಹಾಗಾಗಿ ಆ ಬಾಣಗಳನ್ನು ನಂಬಬಹುದಿತ್ತು. ಬೆಂಚಿನ ಮುಂದೆ ಕೂತವರಿಗೆ ತಮ್ಮ ಪೀಸು ಮಾತ್ರ ಕಾಣುತ್ತದೆ. ಎರಡೂ ಬೆಂಚಿನ ಪೀಸುಗಳು ಒಟ್ಟಿಗೆ ಹಾದುಹೋಗುವುದು ಪರೀಕ್ಷೆಯ ಮೇಜಿನಲ್ಲಿ. ಅಲ್ಲಿ ಕೂತವರಿಗೆ ನೋಡುವ ಕಣ್ಣಿತ್ತು ಅನ್ನುವುದು ಘಟಕದ ಅದೃಷ್ಟ.

ಎರಡು ಬೆಂಚಿಗೆ ಏನು ವ್ಯತ್ಯಾಸ? ಹತ್ತಿರ ಹೋಗಿ ನಿಂತರೆ ಕಾಣುತ್ತಿತ್ತು. ಎರಡನೇ ಬೆಂಚಿನ ಬಲಕ್ಕೆ ಒಂದು ಕಂಬ. ಹಾಗಾಗಿ ಯುವಿ ಲ್ಯಾಂಪಿನ ಸ್ಟ್ಯಾಂಡನ್ನು ಎಡಕ್ಕೆ ಇಟ್ಟಿದ್ದರು. ಲ್ಯಾಂಪ್ ಇದ್ದ ಕಡೆಯಿಂದಲೇ ಸಿರಿಂಜ್ ಹಿಡಿಯುವುದು ಸುಲಭ. ಒಂದನೇ ಬೆಂಚಿನಲ್ಲಿ ಅಂಟು ಬಲಕ್ಕೆ, ಎರಡನೆಯದರಲ್ಲಿ ಎಡಕ್ಕೆ. ಎರಡೂ ಕಡೆ ಒಂದೇ ಪಕ್ಕದಲ್ಲಿ ಒಂದು ದೊಡ್ಡ ಹನಿ.

ಯುವಿ ಅಂಟು ಗಟ್ಟಿಯಾಗುವಾಗ ಕುಗ್ಗುತ್ತದೆ. ಅಕ್ರಿಲಿಕ್ ಜಾತಿಯವು ಗಾತ್ರದಲ್ಲಿ ನೂರಕ್ಕೆ ಐದಾರು ಪಾಲು ಕುಗ್ಗುವುದು ಸಾಮಾನ್ಯ. ಉದ್ದದ ಲೆಕ್ಕದಲ್ಲಿ ಅದು ನೂರಕ್ಕೆ ಎರಡರ ಹತ್ತಿರ. ಒಂದೇ ಕಡೆ ಹನಿ ಇದ್ದರೆ ಕುಗ್ಗುವ ಅಂಟು ಲೆನ್ಸನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತೆಳ್ಳನೆಯ ತೋಳು ಹಿಡಿದಿದ್ದರೂ ತುಸು ಬಾಗುತ್ತದೆ. ಹಿಡಿತ ಬಿಟ್ಟಾಗ ಉಳಿದ ಎಳೆತವೂ ಸೇರಿ ಲೆನ್ಸ್ ಪೂರ್ತಿ ಆ ಕಡೆಗೆ ಹೋಗುತ್ತದೆ.

ಇಷ್ಟಕ್ಕೇ ಉತ್ತರ ಪೂರ್ತಿಯಾಗಲಿಲ್ಲ. ಮೇ ತಿಂಗಳಲ್ಲೂ ಹೀಗೇ ಒಂದೇ ಕಡೆ ಅಂಟು ಹಾಕುತ್ತಿದ್ದರು. ಆಗ ಯಾಕೆ ಸರಿ ಇತ್ತು? ಜೂನ್‌ನಲ್ಲಿ ಬದಲಾದದ್ದು ಏನು? ಸ್ಟೋರಿನ ಪುಸ್ತಕದಲ್ಲಿ ಹುಡುಕಿದಾಗ ಸಿಕ್ಕಿತು. ಲೆನ್ಸ್ ಹೋಲ್ಡರ್‌ಗಳು ಹೊಸ ಸಪ್ಲೈಯರ್‌ನಿಂದ ಬಂದಿದ್ದವು. ಹಳೆಯದನ್ನೂ ಹೊಸದನ್ನೂ ಅಳೆದೆವು. ಹಳೆಯ ಹೋಲ್ಡರ್ ಬ್ಯಾರೆಲ್ಲಿನಲ್ಲಿ ಕೂತಾಗ ಪಕ್ಕದ ಸಂದು ಸುಮಾರು 50 ಮೈಕ್ರಾನ್. ಹೊಸದರದು 200ರ ಹತ್ತಿರ. ಎರಡೂ ಡ್ರಾಯಿಂಗಿನ ಮಿತಿಯೊಳಗೇ ಇದ್ದವು, ಡ್ರಾಯಿಂಗೇ ಅಷ್ಟು ಸಡಿಲ. ಸಪ್ಲೈಯರ್ ತಪ್ಪು ಮಾಡಿರಲಿಲ್ಲ, ಖರೀದಿಯವರೂ ಮಾಡಿರಲಿಲ್ಲ.

ಈಗ ಲೆಕ್ಕ ಕೂಡಿತು. 50 ಮೈಕ್ರಾನ್ ಸಂದಿನಲ್ಲಿ ನೂರಕ್ಕೆ ಎರಡು ಅಂದರೆ 1 ಮೈಕ್ರಾನ್. 5 ಮೀಟರ್ ದೂರದಲ್ಲಿ ಚುಕ್ಕೆ 1 ಮಿಲಿಮೀಟರ್ ಚಿಲ್ಲರೆ ಸರಿಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. 200 ಮೈಕ್ರಾನ್ ಸಂದಿನಲ್ಲಿ ಅದೇ 4 ಮೈಕ್ರಾನ್ ಆಗುತ್ತದೆ. ಚುಕ್ಕೆ ನಾಲ್ಕೂವರೆ ಮಿಲಿಮೀಟರ್ ಹತ್ತಿರ ಸರಿಯುತ್ತದೆ. ಮಿತಿ 5. ಇನ್ನು ಉಳಿದದ್ದು ಅರ್ಧ ಮಿಲಿಮೀಟರ್. ಬೆಸುಗೆ, ಓವನ್ ಎಲ್ಲ ಆ ಅರ್ಧದೊಳಗೆ ಮುಗಿಯಬೇಕು. ದೋಷ ಮೊದಲಿನಿಂದಲೂ ಅಲ್ಲೇ ಕೂತಿತ್ತು. ಹೊಸ ಹೋಲ್ಡರ್ ಅದನ್ನು ನಾಲ್ಕು ಪಟ್ಟು ಮಾಡಿ ತೋರಿಸಿತು.

ನಿರ್ಧಾರ

ಮುಂದೆ ಮೂರು ದಾರಿ ಇದ್ದವು. ಹೋಲ್ಡರ್ ವಾಪಸ್ ಕಳಿಸುವುದು ಒಂದು. ಡ್ರಾಯಿಂಗ್ ಪ್ರಕಾರ ಸರಿ ಇರುವ ಮಾಲನ್ನು ವಾಪಸ್ ಕಳಿಸುವುದು ನ್ಯಾಯವಲ್ಲ, ಹೊಸದು ಬರುವಷ್ಟು ಸಮಯವೂ ಇರಲಿಲ್ಲ.

ಎರಡನೆಯದನ್ನು ಸೂಪರ್‌ವೈಸರ್ ಸೂಚಿಸಿದರು. ಅಂಟು ಬಲಕ್ಕೆ ಎಳೆಯುವುದಾದರೆ ಚುಕ್ಕೆಯನ್ನು ಮೊದಲೇ ಅಷ್ಟು ಎಡಕ್ಕೆ ಇಟ್ಟುಬಿಡೋಣ. ಎಳೆದ ಮೇಲೆ ತಾನಾಗಿ ನಡುವಿಗೆ ಬರುತ್ತದೆ. ಖರ್ಚಿಲ್ಲ, ಇವತ್ತೇ ಶುರು ಮಾಡಬಹುದು. ಬುದ್ಧಿವಂತಿಕೆಯ ಮಾತೇ. ಒಂದು ಟ್ರೇಯಲ್ಲಿ ಮಾಡಿ ನೋಡಿದೆವು. ಸರಾಸರಿ ನಡುವಿಗೆ ಬಂತು. ಆದರೆ ಪೀಸಿನಿಂದ ಪೀಸಿಗೆ ಇದ್ದ ವ್ಯತ್ಯಾಸ ಹಾಗೇ ಉಳಿಯಿತು. ಕಾರಣ ಸಿರಿಂಜ್. ಹೆಬ್ಬೆರಳಿನಿಂದ ಒತ್ತಿ ಹಾಕುವ ಹನಿ ಒಂದು ಸಲ ದೊಡ್ಡದು, ಒಂದು ಸಲ ಸಣ್ಣದು. ಎಳೆತವೂ ಹಾಗೇ. ಕೆಲವು ಪೀಸುಗಳು ನಡುವಿಗೆ ಬರದೆ ಎಡದಲ್ಲೇ ಉಳಿದವು, ಕೆಲವು ನಡು ದಾಟಿ ಬಲಕ್ಕೆ ಹೋದವು. ಇನ್ನೊಂದು ಅಪಾಯವೂ ಇತ್ತು. ಹೀಗೆ ಜೋಡಿಸಿದ ಪೀಸಿನೊಳಗೆ ಎಳೆತ ಹಾಗೇ ಉಳಿದಿರುತ್ತದೆ. ಗ್ರಾಹಕರ ಯಂತ್ರದ ಬಿಸಿಯಲ್ಲಿ ತಿಂಗಳುಗಟ್ಟಲೆ ಕೂತರೆ ಅಂಟು ನಿಧಾನವಾಗಿ ಜರುಗಿ ಚುಕ್ಕೆ ಮತ್ತೆ ಸರಿಯಬಹುದು. ನಮ್ಮ ಮೇಜಿನಲ್ಲಿ ಪಾಸಾಗಿ ಅವರ ಯಂತ್ರದಲ್ಲಿ ಕೈಕೊಡುವ ಪೀಸು ರಿಜೆಕ್ಟ್ ಆದ ಪೀಸಿಗಿಂತ ದುಬಾರಿ. ಈ ದಾರಿ ಬೇಡ ಅಂತ ನಾನು ಪಟ್ಟು ಹಿಡಿದೆ, ಮಾಲೀಕರು ಒಪ್ಪಿದರು.

ಮೂರನೆಯದು ಎಳೆತವನ್ನೇ ಸಮ ಮಾಡುವುದು. ಒಂದು ದೊಡ್ಡ ಹನಿಯ ಬದಲು ಮೂರು ಸಣ್ಣ ಹನಿ, ಸುತ್ತ 120 ಡಿಗ್ರಿಗೊಂದು. ಮೂರಕ್ಕೂ ಒಂದೇ ಸಲ, ಒಂದೇ ಪ್ರಮಾಣದಲ್ಲಿ ಬೆಳಕು ಬೀಳಬೇಕು. ಇಲ್ಲದಿದ್ದರೆ ಮೊದಲು ಗಟ್ಟಿಯಾದ ಹನಿ ತನ್ನ ಕಡೆಗೆ ಎಳೆದುಬಿಡುತ್ತದೆ. ಇದಕ್ಕೆ ಮೂರು ಕವಲಿನ ಲೈಟ್ ಗೈಡ್ (ಲ್ಯಾಂಪಿನ ಬೆಳಕನ್ನು ಅಂಟಿನವರೆಗೆ ಒಯ್ಯುವ ಕೊಳವೆ) ಬೇಕು, ಕಾಲಿನ ಪೆಡಲ್ ಒತ್ತಿದರೆ ಅಳತೆ ಹನಿ ಬೀಳಿಸುವ ಗಾಳಿಯ ಡಿಸ್ಪೆನ್ಸರ್ ಬೇಕು. ಎರಡು ಬೆಂಚಿಗೂ ಅಂದರೆ ಸಣ್ಣ ಘಟಕಕ್ಕೆ ಹಗುರ ಖರ್ಚಲ್ಲ. ಮಾಲೀಕರು ಮೊದಲು ಒಂದೇ ಬೆಂಚಿಗೆ ತರಿಸಿದರು. ಎರಡನೇ ಬೆಂಚನ್ನು ಅಷ್ಟು ದಿನ ನಿಲ್ಲಿಸಿದರು. ಡೆಲಿವರಿ ಹತ್ತಿರ ಇದ್ದಾಗ ಅರ್ಧ ಕೆಲಸ ನಿಲ್ಲಿಸುವುದು ಸುಲಭದ ನಿರ್ಧಾರವಲ್ಲ. ಗ್ರಾಹಕರಿಗೆ ಫೋನ್ ಮಾಡಿ, ಮೊದಲ ಕಂತು ಸಮಯಕ್ಕೆ, ಎರಡನೆಯದು ತಡ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಒಪ್ಪಿದರು.

ಬೆಳಕು ಬಿಡುವ ರೀತಿಯನ್ನೂ ಬದಲಿಸಿದೆವು. ಮೊದಲು ಕಡಿಮೆ ಬೆಳಕು, ಆಮೇಲೆ ಪೂರ್ತಿ. ನಿಧಾನವಾಗಿ ಗಟ್ಟಿಯಾದರೆ ಅಂಟಿಗೆ ಸ್ವಲ್ಪ ಹರಿದು ಸಡಿಲಾಗಲು ಅವಕಾಶ ಸಿಗುತ್ತದೆ, ಒಳಗೆ ಉಳಿಯುವ ಎಳೆತ ಕಡಿಮೆ. ಇದೇ ಹೊತ್ತಿನಲ್ಲಿ ಯುವಿ ಮೀಟರ್ ಹಿಡಿದು ನೋಡಿದಾಗ ಎರಡನೇ ಬೆಂಚಿನ ಬೆಳಕು ಒಂದನೆಯದಕ್ಕಿಂತ ಬಹಳ ಕಡಿಮೆ ಇತ್ತು. ಲೈಟ್ ಗೈಡಿನ ತುದಿಗೆ ಅಂಟಿನ ಪೊರೆ ಕಟ್ಟಿತ್ತು. ಒರೆಸಿದರೆ ಸರಿಯಾಯಿತು. ಅಲ್ಲಿನ ಅಂಟು ಪೂರ್ತಿ ಗಟ್ಟಿಯಾಗದೆ ಓವನ್‌ನಲ್ಲಿ ಜರುಗುತ್ತಿದ್ದದ್ದು ಇದರಿಂದಲೇ. ಲ್ಯಾಂಪ್ ಹೊತ್ತು ಹೆಚ್ಚಿಸಿದಾಗ ತುಸು ಗುಣ ಕಂಡದ್ದೂ ಇದಕ್ಕೇ.

ಆದದ್ದು

ಹೊಸ ಕ್ರಮದ ಮೊದಲ ಟ್ರೇಗೆ ಲಲಿತಾ ಮತ್ತೆ ಬಾಣ ಹಾಕಿದರು, ಈ ಸಲ ಗ್ರಾಫ್ ಹಾಳೆಯ ಮೇಲೆ. ಚುಕ್ಕೆಗಳು ನಡುವಿನ ಸುತ್ತ ಎಲ್ಲ ದಿಕ್ಕಿಗೂ ಚೆದುರಿದ್ದವು, ಹೆಚ್ಚಿನವು 2 ಮಿಲಿಮೀಟರ್ ಒಳಗೆ. ಪೂರ್ತಿ ಸೊನ್ನೆಯಾಗುವುದು ಸಾಧ್ಯವಿಲ್ಲ. ಚುಕ್ಕೆ ನಡುವಿಗೆ ತರಲು ಲೆನ್ಸನ್ನು ಸರಿಸಿದಾಗ ಮೂರು ಕಡೆಯ ಸಂದು ಸಮ ಉಳಿಯುವುದಿಲ್ಲ, ಮೂರು ಎಳೆತವೂ ಸಮ ಇರುವುದಿಲ್ಲ. ಆದರೆ ಉಳಿದದ್ದು ಮಿತಿಯೊಳಗೆ ಆರಾಮಾಗಿ ಕೂರುವಷ್ಟು. ರಿಜೆಕ್ಷನ್ ಮೇ ತಿಂಗಳ ಮಟ್ಟಕ್ಕಿಂತಲೂ ಇಳಿಯಿತು.

ಬೆಸುಗೆಯ ಪಾಲು ಮಾತ್ರ ತಲೆನೋವು ಕೊಟ್ಟಿತು. ಲೆನ್ಸ್ ಕೂರಿಸಿದ ಮೇಲೆ ಪಿಸಿಬಿ ಬೆಸೆದರೆ ಡಯೋಡಿನ ಕಾಲುಗಳ ಮೇಲೆ ಎಳೆತ ಬಿದ್ದು ಡಯೋಡ್ ಮಿಸುಕುತ್ತದೆ. ಹಾಗಾದರೆ ಮೊದಲು ಬೆಸೆಯೋಣ, ಆಮೇಲೆ ಲೆನ್ಸ್ ಕೂರಿಸೋಣ ಅಂತ ಕ್ರಮ ತಿರುಗಿಸಿದೆವು. ಸರಿದಾಟ ನಿಂತಿತು, ಬೇರೆ ತೊಂದರೆ ಬಂತು. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಬಳಸುವ ಫ್ಲಕ್ಸಿನ ಹೊಗೆ ಡಯೋಡಿನ ಗಾಜಿನ ಕಿಟಕಿ ಮೇಲೆ ಮಂಜಿನಂತೆ ಕೂರತೊಡಗಿತು, ಚುಕ್ಕೆಯ ಸುತ್ತ ಬೆಳಕು ಚೆಲ್ಲತೊಡಗಿತು. ಕೊನೆಗೆ ಬೆಸೆಯುವಾಗ ಬ್ಯಾರೆಲ್ಲಿನ ಬಾಯಿಗೆ ಸಣ್ಣ ರಬ್ಬರ್ ಮುಚ್ಚಳ ಹಾಕುವುದು ಅಂತ ಆಯಿತು. ಆ ಮುಚ್ಚಳವನ್ನು ಹುಡುಕಿ ತಂದವರು ಬೆಸುಗೆಯ ಮೇಜಿನ ಅಕ್ಕ, ನಾನಲ್ಲ.

ಮಳೆಯ ಮೇಲಿನ ಅನುಮಾನದಲ್ಲಿ ಒಂದು ಎಳೆ ನಿಜವಿತ್ತು. ಅಂಟಿನ ಸಿರಿಂಜನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ ತಣ್ಣಗಿನ ತುದಿಯಲ್ಲಿ ಗಾಳಿಯ ತೇವ ನೀರಾಗಿ ಕೂರುತ್ತದೆ. ಈಗ ಬೆಳಿಗ್ಗೆ ಬಂದವರು ಮೊದಲು ಸಿರಿಂಜ್ ಹೊರಗಿಡುತ್ತಾರೆ. ಅದು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ಬಿಚ್ಚುತ್ತಾರೆ.

ಉಳಿದ ಬದಲಾವಣೆಗಳು

ರಿಜಿಸ್ಟರಿನಲ್ಲಿ ಈಗ ಎರಡು ಅಂಕಣ ಇವೆ, ಎಷ್ಟು ಮತ್ತು ಎತ್ತ. ನನ್ನ ಮಟ್ಟಿಗೆ ಇದು ಡಿಸ್ಪೆನ್ಸರಿಗಿಂತ ದೊಡ್ಡ ಬದಲಾವಣೆ, ಖರ್ಚು ಒಂದು ಪೈಸೆಯೂ ಇಲ್ಲ. "ನಡುವಿನಿಂದ ಆರು ಮಿಲಿಮೀಟರ್" ಅಂದರೆ ಪೀಸು ಕೆಟ್ಟಿದೆ ಅಂತ ಮಾತ್ರ ಗೊತ್ತಾಗುತ್ತದೆ. "ಬಲಕ್ಕೆ" ಅಂತ ಸೇರಿಸಿದರೆ ಎಲ್ಲಿ ಹೋಗಿ ನೋಡಬೇಕು ಅಂತ ಗೊತ್ತಾಗುತ್ತದೆ. ಇಂಥ ಕೆಲಸ ಮಾಡುವ ಬೇರೆ ಘಟಕದವರು ಇದರಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ ಅಂತ ನನ್ನ ಆಸೆ. ಲೆನ್ಸ್ ಇರಲಿ, ಫೈಬರ್ ಇರಲಿ, ಬೋರ್ಡಿನ ಮೇಲೆ ಕೂರಿಸುವ ಚಿಪ್ ಇರಲಿ, ಸರಿದಾಟಕ್ಕೆ ದಿಕ್ಕು ಇದ್ದೇ ಇರುತ್ತದೆ.

ಹೋಲ್ಡರಿನ ಡ್ರಾಯಿಂಗ್ ಬದಲಾಯಿತು. ಸಂದು 80 ಮೈಕ್ರಾನ್ ಮೀರದ ಹಾಗೆ ಅಳತೆ ಬಿಗಿ ಮಾಡಿದರು. ಹೊಸ ಸಪ್ಲೈಯರ್ ಸ್ವಲ್ಪ ಹೆಚ್ಚು ಬೆಲೆ ಕೇಳಿದರು, ಮಾಲೀಕರು ಕೊಟ್ಟರು. ಯಾವುದೇ ಭಾಗ ಹೊಸ ಜಾಗದಿಂದ ಬಂದರೂ ಮೊದಲ ಹತ್ತು ಪೀಸು ಬೆಂಚಿಗೆ ಬಂದು, ಬೆಂಚಿನವರು ಸಹಿ ಹಾಕಿದ ಮೇಲೆಯೇ ಸ್ಟೋರಿಗೆ ಹೋಗುತ್ತವೆ.

ಎಬ್ಬಿಸಿದ್ದ ಇಬ್ಬರೂ ಬೆಂಚಿಗೆ ಮರಳಿದರು. ಸೂಪರ್‌ವೈಸರ್ ಅವರಿಬ್ಬರಿಗೂ ಎಲ್ಲರ ಎದುರೇ, ತೊಂದರೆ ನಿಮ್ಮದಲ್ಲಮ್ಮ ಅಂತ ಹೇಳಿದರು. ಆ ಘಟಕದ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಆಗ. ಲಲಿತಾ ಈಗ ವಾರಕ್ಕೆ ಒಂದು ದಿನ ಪರೀಕ್ಷೆಯ ಮೇಜಿನಲ್ಲಿ ಕೂತು ಎರಡೂ ಬೆಂಚಿನ ಗ್ರಾಫ್ ಹಾಳೆ ಬರೆಯುತ್ತಾರೆ. ಉಳಿದವರಿಗೂ ಸರದಿ ಇದೆ.